ಬ್ಯಾಗಿಗಿಂತ ಮೊದಲು ಹೆಸರು ನೋಡಿ

ಶಾಲೆಗಳ ಬಾಗಿಲು ತೆರೆದಿವೆ. ಪುಸ್ತಕಕ್ಕೆ ಬೈಂಡ್ ಹಾಕುವ, ಶೂ ಅಳತೆ ನೋಡುವ ಗಡಿಬಿಡಿ ಮನೆಮನೆಯಲ್ಲೂ ಇದೆ. ಹೈಸ್ಕೂಲು ಮಕ್ಕಳ ತಂದೆ-ತಾಯಿಗೆ ನನ್ನದೊಂದು ಕೋರಿಕೆ: ಬ್ಯಾಗಿನ ವ್ಯಾಪಾರ ನಾಳೆ ಮಾಡಿ, ಇವತ್ತು ಮಗುವಿನ ಆಧಾರ್ ಕಾರ್ಡು ಮತ್ತು ಶಾಲೆಯ ದಾಖಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ, ಅಪ್ಪ-ಅಮ್ಮನ ಹೆಸರು. ನಮ್ಮ ಕಡೆ ಒಂದೇ ಲಕ್ಷ್ಮಿಗೆ ಶಾಲೆಯ ಇಂಗ್ಲಿಷಿನಲ್ಲಿ 'ಕೆಎಸ್ಎಚ್', ಆಧಾರ್‌ನಲ್ಲಿ 'ಎಕ್ಸ್'. ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ಗಡಿಯ ಪಾವಗಡದಲ್ಲಿ ಮನೆಯ ತೆಲುಗು ಹೆಸರೊಂದು, ಹಾಜರಿ ಪುಸ್ತಕದ ಕನ್ನಡ ಹೆಸರೊಂದು.

ಮನುಷ್ಯರಿಗೆ ಇದು ಲೆಕ್ಕಕ್ಕಿಲ್ಲ, ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಮಕ್ಕಳು. ಸ್ಯಾಟ್ಸ್ ಸಂಖ್ಯೆ, 12 ಅಂಕಿಯ ಅಪಾರ್ ಐಡಿ, ವಿದ್ಯಾರ್ಥಿವೇತನ ಎಲ್ಲವೂ ಈ ಹೆಸರಿನ ಮೇಲೇ ನಿಂತಿವೆ. ಹತ್ತನೇ ತರಗತಿಯವರ ವಿಷಯ ಇನ್ನೂ ಸೂಕ್ಷ್ಮ. ಪರೀಕ್ಷೆಗೆ ಹೆಸರು ನೋಂದಾಯಿಸುವ ಮುಂಚೆ ತಪ್ಪಿದ್ದರೆ ಮುಖ್ಯ ಶಿಕ್ಷಕರ ಮೇಜಿನ ಮೇಲೇ ಸರಿಹೋಗುತ್ತದೆ. ಅಂಕಪಟ್ಟಿ ಅಚ್ಚಾಗಿ ಬಂದ ಮೇಲಾದರೆ ಮಲ್ಲೇಶ್ವರದ ಪರೀಕ್ಷಾ ಮಂಡಳಿವರೆಗೆ ಅರ್ಜಿ ಹೋಗಬೇಕು. ಹುಟ್ಟಿದ ದಿನಾಂಕವೇ ತಪ್ಪಾಗಿದ್ದರಂತೂ ಕೋರ್ಟಿನವರೆಗೂ ಅಲೆಯಬೇಕಾಗಬಹುದು.

ಆಧಾರ್ ವಿಷಯದಲ್ಲೇ ಇನ್ನೊಂದು. ಮಗುವಿಗೆ 15 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಡಬೇಕು. 17ರೊಳಗೆ ಮಾಡಿಸಿದರೆ ಕಾಸಿಲ್ಲ. ಒಂಬತ್ತು-ಹತ್ತರ ಮಕ್ಕಳದ್ದು ಸರಿಯಾಗಿ ಇದೇ ವಯಸ್ಸು.

ಶಾಲೆಯ ದಾಖಲೆ ತಿದ್ದಿಸಲು ಹೋಗಬೇಕಾದ ಕಚೇರಿ ಯಾವುದು ಎಂಬ ಗೊಂದಲ ಇನ್ನೂ ಇದೆ. ಕಂದಾಯದ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆಯವರು. ಶಾಲಾ ಶಿಕ್ಷಣ ಇಲಾಖೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಬೇರೆಯೇ ಒಂದು ಶೈಕ್ಷಣಿಕ ಜಿಲ್ಲೆ. ರಾಜ್ಯದಲ್ಲಿ ಇಂಥವು 35. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿನದು ಒಂದು ಸಾಲು, ನಮ್ಮದು ಇನ್ನೊಂದು. ಹೆದ್ದಾರಿ ಬಸ್ಸು ನೇರ ಸಿಗುತ್ತದೆಂದು ಶಿರಾದವರು ತುಮಕೂರಿಗೆ ಹೋಗಿ ಕೂರುವುದು ಬೇಡ. ಡಿಡಿಪಿಐ ಕಚೇರಿ ಇರುವುದು ಮಧುಗಿರಿಯಲ್ಲಿ. ನಿಜ ಹೇಳಬೇಕೆಂದರೆ ಅಲ್ಲಿವರೆಗೂ ಹೋಗುವ ಪ್ರಮೇಯ ಅಪರೂಪ. ಮೊದಲು ಮುಖ್ಯ ಶಿಕ್ಷಕರು, ಆಮೇಲೆ ನಿಮ್ಮ ತಾಲ್ಲೂಕಿನ ಬಿಇಒ.

ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಆದಾಯ ಪತ್ರಕ್ಕೆ ಐದೇ ವರ್ಷ ಆಯಸ್ಸು. ನಾಲ್ಕನೇ ತರಗತಿಯಲ್ಲಿ ಮಾಡಿಸಿ ಟ್ರಂಕಿನಲ್ಲಿ ಜೋಪಾನ ಮಾಡಿದ ಕಾಗದ ಹತ್ತನೇ ತರಗತಿಗೆ ಬರುವಷ್ಟರಲ್ಲಿ ಸತ್ತಿರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ಕೇಳಿಕೊಳ್ಳಿ. ಹಣ ಮಂಜೂರಾಗಿಯೂ ಕೈಗೆ ಬಾರದಿದ್ದರೆ ಹೆಚ್ಚಾಗಿ ಕಾರಣ ಅದೇ.

ದುಡಿಮೆಗೆಂದು ಬೆಂಗಳೂರು ಸೇರಿದವರ ಮಕ್ಕಳ ಪಾಡು ಬೇರೆ. ಮಗು ಅಜ್ಜಿಯ ಹತ್ತಿರ, ಆಧಾರ್‌ಗೆ ಜೋಡಿಸಿದ ಫೋನು ಅಪ್ಪನ ಹತ್ತಿರ. ಅಜ್ಜಿ ಕೂಲಿ ಬಿಟ್ಟು ಗ್ರಾಮ ಒನ್ ಮುಂದೆ ಸಾಲಿನಲ್ಲಿ ನಿಂತು, ಪಕ್ಕದವರ ಫೋನಿನಲ್ಲಿ "ಏನಪ್ಪಾ, ನಂಬರ್ ಬಂತೇನಪ್ಪಾ ನಿಂಗೆ?" ಎಂದು ಕೂಗಿ ಕೇಳುವಾಗ, ಅಪ್ಪ ಸೆಂಟ್ರಿಂಗ್ ಮೇಲಿರುತ್ತಾನೆ, ಫೋನು ಕೆಳಗೆ ಗೂಟಕ್ಕೆ ಹಾಕಿದ ಅಂಗಿಯ ಜೇಬಿನಲ್ಲಿ. ಒಟಿಪಿಯ ಅವಧಿ ಮುಗಿದೇ ಹೋಗುತ್ತದೆ. ಈ ವ್ಯವಸ್ಥೆ ಕಟ್ಟಿದವರು ಇಂಥ ಮನೆಯನ್ನು ಕಣ್ಣಾರೆ ಕಂಡವರಲ್ಲ. ಅದು ಬದಲಾಗುವವರೆಗೆ, ಅಪ್ಪ ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗಲೇ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿಕೊಳ್ಳುವುದು ಜಾಣತನ.

ಎಂಟನೇ ತರಗತಿಯವರ ಮನೆಯಲ್ಲಿ ಎನ್‌ಎಂಎಂಎಸ್ ಎಂಬ ನಾಲ್ಕಕ್ಷರ ಗೊತ್ತಿರಲೇಬೇಕು. ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗಾಗಿಯೇ ಇರುವ ಪರೀಕ್ಷೆ ಇದು. ಏಳನೇ ತರಗತಿಯಲ್ಲಿ ಶೇ 55 ಅಂಕ ಬಂದಿರಬೇಕು (ಪರಿಶಿಷ್ಟರಿಗೆ ಶೇ 50), ಮನೆಯ ವರ್ಷದ ಆದಾಯ ₹3.5 ಲಕ್ಷ ಮೀರಿರಬಾರದು. ಆಯ್ಕೆಯಾದರೆ 9ರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ ₹12,000, ನಾಲ್ಕು ವರ್ಷಕ್ಕೆ ₹48,000. ಪಾಠದ ಪ್ರಶ್ನೆಗಳ ಜೊತೆ ತರ್ಕದ ಪ್ರಶ್ನೆಗಳೂ ಇರುತ್ತವೆ, ಅದಕ್ಕೆ ತಿಂಗಳುಗಟ್ಟಲೆ ರೂಢಿ ಬೇಕು. ನಿಮ್ಮ ಶಾಲೆಯಲ್ಲಿ ತರಬೇತಿ ಶುರುವಾಗಿಲ್ಲವೇ? ಕೇಳಿ. ಪೋಷಕರು ಕೇಳಿದರೆ ಶುರುವಾಗುತ್ತದೆ, ಕೇಳದಿದ್ದರೆ ಪರೀಕ್ಷೆಯ ಹಿಂದಿನ ವಾರ ನೆನಪಾಗುತ್ತದೆ.

ಆರ್‌ಟಿಇ ಸೀಟಿನಲ್ಲಿ ಖಾಸಗಿ ಶಾಲೆ ಸೇರಿದವರಿಗೆ ಎಚ್ಚರಿಕೆ: ಉಚಿತ ಕಲಿಕೆ ಎಂಟನೇ ತರಗತಿಗೆ ಮುಗಿಯಿತು. 2018-19ರಲ್ಲಿ ಒಂದನೇ ತರಗತಿಗೆ ಸೇರಿದ ಮಗು 2026-27ಕ್ಕೆ ಒಂಬತ್ತಕ್ಕೆ ಬರುತ್ತದೆ, ಶುಲ್ಕದ ಚೀಟಿಯೂ ಜೊತೆಗೇ ಬರುತ್ತದೆ. ಕಟ್ಟಲಾಗದವರು ಅರ್ಧ ವರ್ಷ ಸಾಲ ಮಾಡಿ ಆಮೇಲೆ ಬಿಡಿಸುವುದಕ್ಕಿಂತ ಈಗಲೇ ಟಿಸಿ ತಂದು ಸರ್ಕಾರಿ ಪ್ರೌಢಶಾಲೆಗೆ ಸೇರಿಸಲಿ. ಅಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ ಬಿಟ್ಟಿ. ಬಿಸಿಯೂಟವೂ ಹತ್ತನೇ ತರಗತಿವರೆಗೆ ಉಂಟು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ.

ಹತ್ತನೇ ತರಗತಿಗೆ 2025-26ರಿಂದ ಉತ್ತೀರ್ಣದ ಗೆರೆ ಇಳಿದಿದೆ. ಮೊದಲು ಶೇ 35 ಇತ್ತು, ಈಗ 625ಕ್ಕೆ ಒಟ್ಟು 206 ಬಂದರೆ ಸಾಕು. ಯಾವ ವಿಷಯದಲ್ಲೂ ಶೇ 30ಕ್ಕಿಂತ ಇಳಿಯುವಂತಿಲ್ಲ. ಇದನ್ನು ಕೇಳಿ ನಿರಾಳವಾಗಿ ಕೂತ ಮನೆಗಳಿಗೆ ಒಂದು ಮಾತು. 206ರಲ್ಲಿ ಪಾಸಾದ ಮಗುವಿಗೆ ಬೇಕಾದ ಕಾಲೇಜಿನಲ್ಲಿ ಬೇಕಾದ ವಿಷಯ ಯಾರೂ ಕರೆದು ಕೊಡುವುದಿಲ್ಲ. ಇತ್ತ ಎನ್‌ಎಂಎಂಎಸ್ ಹಣ ಪಿಯುಸಿಯಲ್ಲೂ ಮುಂದುವರಿಯಬೇಕಾದರೆ ಹತ್ತರಲ್ಲಿ ಶೇ 60 ಬೇಕು (ಪರಿಶಿಷ್ಟರಿಗೆ 55). ಕೊಠಡಿಯಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡುವುದು 2024ರಲ್ಲೇ ಬಂತು. 'ಯಾರೋ ಹೇಳಿಕೊಡುತ್ತಾರೆ' ಎಂಬ ಹಳೆಯ ಭರವಸೆಗೆ ಅಲ್ಲಿಗೆ ತೆರೆ ಬಿತ್ತು. ಪ್ರತಿ ವಿಷಯಕ್ಕೆ 20, ಪ್ರಥಮ ಭಾಷೆಗೆ 25 ಆಂತರಿಕ ಅಂಕಗಳಿವೆ. ಅವು ಮಾರ್ಚ್‌ನಲ್ಲಿ ಉದುರುವುದಿಲ್ಲ, ವರ್ಷದುದ್ದಕ್ಕೂ ನಡೆಯುವ ಕಿರು ಪರೀಕ್ಷೆ, ಪ್ರಾಜೆಕ್ಟುಗಳಿಂದ ಕೂಡಿಬರುತ್ತವೆ.

ಹಾಜರಿ ಶೇ 75 ಕಡ್ಡಾಯ. ಮಳೆ ಬಿದ್ದರೆ ಕಡಲೆಕಾಯಿ ಬಿತ್ತನೆ, ಕೆಲ ತಿಂಗಳು ಕಳೆದರೆ ಕೀಳುವ ಕೆಲಸ, ಆಮೇಲೆ ಬಿಡಿಸುವ ಕೆಲಸ. ಕೂಲಿಯಾಳು ಸಿಗದ ಕಾಲದಲ್ಲಿ ಮಕ್ಕಳನ್ನು ಹೊಲಕ್ಕೆ ಕರೆಯುವವರ ಕಷ್ಟ ನನಗೂ ಅರ್ಥವಾಗುತ್ತದೆ. ಭಾನುವಾರ ಕರೆಯಿರಿ. ವಾರದ ನಡುವೆ ಹೋದ ದಿನಗಳನ್ನು ಫೆಬ್ರವರಿಯಲ್ಲಿ ಯಾವ ಮೇಷ್ಟ್ರೂ ಹಿಂದಕ್ಕೆ ತಂದುಕೊಡಲಾರರು.

ಕಡೆಗೆ ಬಸ್ಸು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ, ಗುರುತಿನ ಚೀಟಿ ಜೊತೆಗಿದ್ದರೆ ಆಯಿತು. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ, ಖಾಸಗಿ ಬಸ್ಸುಗಳೇ ಹೆಚ್ಚು ಓಡುವ ದಾರಿಯಲ್ಲಿ ಟಿಕೆಟ್ ತಪ್ಪದು. ಹುಡುಗರು ಸೇವಾಸಿಂಧುವಿನಲ್ಲಿ ಪಾಸಿಗೆ ಅರ್ಜಿ ಹಾಕಬೇಕು. ಸಂಜೆಯ ವಿಶೇಷ ತರಗತಿ ಮುಗಿಯುವಷ್ಟರಲ್ಲಿ ನಿಮ್ಮೂರಿನ ಬಸ್ಸು ಹೋಗಿಬಿಟ್ಟಿರುತ್ತದೆಯೇ? ಹಾಗಿದ್ದರೆ ಮೊದಲ ಪೋಷಕರ ಸಭೆಯಲ್ಲೇ ಎದ್ದು ಹೇಳಿ. ಊರಿನ ಹೆಸರು, ಮಕ್ಕಳ ಸಂಖ್ಯೆ, ತರಗತಿ ಬಿಡುವ ಹೊತ್ತು ಬರೆದು, ಮುಖ್ಯ ಶಿಕ್ಷಕರ ಮತ್ತು ಎಸ್‌ಡಿಎಂಸಿಯವರ ಸಹಿ ಹಾಕಿಸಿ, ಡಿಪೊ ವ್ಯವಸ್ಥಾಪಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಸ್ಸಿನ ಹೊತ್ತು ಬದಲಾಗದಿದ್ದರೆ ವಿಶೇಷ ತರಗತಿಯನ್ನೇ ಬೆಳಗ್ಗೆಗೆ ಹಾಕಿಸಿಕೊಳ್ಳಿ.