ತವರಿಗೆ ಬಂದ ಮಕ್ಕಳನ್ನು ಮೂಕರನ್ನಾಗಿಸುವವರು ಯಾರು?



ಪರದೇಶದಲ್ಲಿ ನೆಲೆಸಿದ ನಮ್ಮವರು ಎರಡು ಮೂರು ವರ್ಷಕ್ಕೊಮ್ಮೆ ಸಂಸಾರ ಸಮೇತರಾಗಿ ಊರಿಗೆ ಬಂದು ಹೋದ ತರುವಾಯ ನಮ್ಮ ಪಡಸಾಲೆಗಳಲ್ಲಿ ಒಂದು ಪಂಚಾಯತಿ ಕೂಡುವುದುಂಟು. “ಮೊಮ್ಮಕ್ಕಳಿಗೆ ಒಂದಕ್ಷರ ಕನ್ನಡ ಬರುವುದಿಲ್ಲ. ತಾಯಿತಂದೆಗಳೇ ಮರೆಸಿಬಿಟ್ಟರು. ಡಾಲರಿನ ಮುಂದೆ ತಾಯ್ನುಡಿ ಯಾವ ಲೆಕ್ಕ?” ಎಂದು ಹಿರಿಯರು ತೀರ್ಪು ಕೊಡುತ್ತಾರೆ, ಉಳಿದವರು ಅಹುದಹುದೆಂದು ತಲೆದೂಗುತ್ತಾರೆ. ಆ ವೇಳೆಗೆ ಆರೋಪಿಗಳು ವಿಮಾನದಲ್ಲಿರುತ್ತಾರೆ. ಈ ತೀರ್ಪನ್ನು ನಾನೂ ಹಲವು ಸಲ ಕೊಟ್ಟವನೇ. ಅದು ಅನ್ಯಾಯದ ತೀರ್ಪೆಂದೂ, ಅಪರಾಧದ ಬಹುಪಾಲು ಪಡಸಾಲೆಯಲ್ಲಿ ಕುಳಿತ ನಮ್ಮದೇ ಎಂದೂ ತಡವಾಗಿ ತಿಳಿದ ಕಾರಣ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಕೆಲವರಿಗೆ ಇವು ಕಹಿಯಾದಾವು. ಆಗಲಿ.

1965ರಲ್ಲಿ ಅಮೆರಿಕವು ತನ್ನ ವಲಸೆ ಕಾನೂನನ್ನು ತಿದ್ದಿ ದೇಶವಾರು ಪಾಲಿನ ಪದ್ಧತಿಯನ್ನು ಕಿತ್ತುಹಾಕಿದ ಮೇಲೆ ನಮ್ಮ ಕಡೆಯ ಡಾಕ್ಟರರೂ ಇಂಜಿನಿಯರರೂ ಅತ್ತ ಮುಖ ಮಾಡಿದರು. ಆ ಕಾಲದಲ್ಲಿ ಹೊರಟವನಿಗೆ ಸರಕಾರ ಒಯ್ಯಗೊಡುತ್ತಿದ್ದುದು ಎಂಟೇ ಡಾಲರು. ಮನೆಗೂ ಅವನಿಗೂ ನಡುವೆ ನೀಲಿ ಏರೋಗ್ರಾಮ್ ಒಂದೇ ಸೇತುವೆ. ನಾಲ್ಕೈದು ವರ್ಷಕ್ಕೊಮ್ಮೆ ಬಂದರೆ ಮುಂಬಯಿಗೆ ಇಳಿದು, ಮಿರಜದಲ್ಲಿ ಮೀಟರ್‌ಗೇಜ್ ಗಾಡಿಗೆ ಬದಲಾಯಿಸಿಕೊಂಡು, ಹುಬ್ಬಳ್ಳಿ ಧಾರವಾಡ ಮುಟ್ಟುವಷ್ಟರಲ್ಲಿ ಮೈಯೆಲ್ಲ ಕಲ್ಲಿದ್ದಲ ಕಪ್ಪು. ಆದರೆ ಬಂದವನು ಎರಡು ತಿಂಗಳು ಇರುತ್ತಿದ್ದ. ಅವನ ಮಕ್ಕಳು ನಮ್ಮ ಮಕ್ಕಳೊಡನೆ ಕಣದಲ್ಲಿ ಹೊರಳಾಡಿ, ಬೈಗುಳ ಸಹಿತವಾಗಿ ಭಾಷೆ ಕಲಿತು ಹೋಗುತ್ತಿದ್ದವು. ಇಂದು ದಾರಿ ಎಷ್ಟೋ ಸುಗಮವಾಗಿದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ವಿಮಾನವು ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರು ಸೇರಿತು. 2023ರ ಜೂನ್ 27ರಂದು ಆರಂಭವಾದ ವಂದೇ ಭಾರತ ಗಾಡಿಯು ಬೆಂಗಳೂರಿನಿಂದ ಧಾರವಾಡಕ್ಕೆ ಸುಮಾರು ಆರೂವರೆ ಗಂಟೆಗಳಲ್ಲಿ ತಲುಪಿಸುತ್ತದೆ. ದಾರಿ ಕುಗ್ಗಿದಂತೆ ಇರುವ ದಿನಗಳೂ ಕುಗ್ಗಿದವು. ಮೂರು ವಾರ ಸಿಕ್ಕರೆ ಬಹಳವಾಯಿತು.

ಆ ಮೂರು ವಾರಗಳನ್ನು ನಾವು ಏನು ಮಾಡುತ್ತೇವೆ?

ಹೇಳುತ್ತೇನೆ. ನನ್ನ ಅಕ್ಕನ ಮಗಳು ಕ್ಯಾಲಿಫೋರ್ನಿಯದಲ್ಲಿದ್ದಾಳೆ. 2018ರ ಜುಲೈ ತಿಂಗಳಲ್ಲಿ ಗಂಡ ಹಾಗೂ ಎಂಟು ವರ್ಷದ ಮಗನೊಡನೆ ತವರಿಗೆ ಬಂದಿದ್ದಳು. ಆಕೆ ಮಗನನ್ನು ಪ್ರತಿ ಆದಿತ್ಯವಾರ ಕನ್ನಡ ತರಗತಿಗೆ ಕರೆದೊಯ್ಯುತ್ತಿದ್ದಳೆಂಬುದು ನಮಗಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಬಂದ ಎರಡನೆಯ ದಿನ ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಅಕ್ಕನಿಗೆ ಆಗ 81 ವರ್ಷ. ಮೊಮ್ಮಗನ ಸಲುವಾಗಿ ತಾನೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಹುಡುಗ ಬಹಳ ಹೊತ್ತು ಮನಸ್ಸಿನಲ್ಲಿಯೇ ಏನನ್ನೋ ಜೋಡಿಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, “ಆಯೀ, ನಾನು ಇನ್ನೊಂದು ರೊಟ್ಟಿ ಬೇಕು” ಎಂದ.

ಸಾಲಿಗೆ ಸಾಲೇ ನಕ್ಕಿತು. “ನಾನು ಬೇಕು ಅಂತಲ್ಲಪ್ಪಾ!” ಎಂದು ಒಬ್ಬರು, ಅವನ ರಾಗವನ್ನೇ ಅನುಕರಿಸಿ ಮತ್ತೊಬ್ಬರು, ಇನ್ನೊಮ್ಮೆ ಹೇಳಲು ಒತ್ತಾಯಿಸಿ ಮೊಬೈಲಿನಲ್ಲಿ ಹಿಡಿಯಹೊರಟವರು ಮೂರನೆಯವರು. ನಾನೂ ನಕ್ಕೆ. ನಲವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಮಾಸ್ತರನಾದ ನಾನು! ನಗದೆ ಇದ್ದವಳು ಅಕ್ಕ ಒಬ್ಬಳೇ. “ತಗೋ ನಮ್ಮಪ್ಪಾ” ಎಂದು ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು. ಅವನು ಅದನ್ನು ಮುಟ್ಟಲಿಲ್ಲ. ಉಳಿದ 19 ದಿನ ಅವನ ಬಾಯಿಂದ ಇನ್ನೊಂದು ಕನ್ನಡ ಶಬ್ದ ಹೊರಡಲಿಲ್ಲ. ಮರಳಿ ಹೋದ ಮೇಲೆ ಆದಿತ್ಯವಾರದ ತರಗತಿಯನ್ನೂ ಬಿಟ್ಟನೆಂದು ತಾಯಿ ಫೋನಿನಲ್ಲಿ ಹೇಳಿದಳು. ಯಾಕೆಂದು ಕೇಳಿದರೆ, ಅವರು ನಗುತ್ತಾರೆ ಎಂದಷ್ಟೇ ಅವನ ಉತ್ತರವಂತೆ.

ಇದು ಒಂದು ಮನೆಯ ಮಾತೆಂದು ತಳ್ಳಿಹಾಕಬೇಡಿರಿ. ನಿಮ್ಮ ಮನೆಯ ಸಾಲನ್ನು ನೆನೆಸಿಕೊಳ್ಳಿರಿ. ನಮ್ಮ ಕೂಸು ಮೊದಲ ಸಲ ತೊದಲಿದಾಗ ನಗುತ್ತೇವೆ, ನಿಜ. ಆದರೆ ಎತ್ತಿಕೊಂಡು ನಗುತ್ತೇವೆ. ಎಂಟು ವರ್ಷದ ಹುಡುಗನನ್ನು ಎತ್ತಿಕೊಳ್ಳುವವರು ಯಾರು? ಅವನಿಗೆ ಕೇಳಿಸುವುದು ನಗೆಯೊಂದೇ.

ಅತ್ತ ಅವರು ಕೈಕಟ್ಟಿ ಕುಳಿತಿಲ್ಲ. ಅಮೆರಿಕದ ಅನೇಕ ಊರುಗಳಲ್ಲಿ ಕನ್ನಡ ಕೂಟಗಳಿವೆ. ವಾರವೆಲ್ಲ ದುಡಿದ ತಾಯಂದಿರು ರಜೆಯ ದಿನ ಮಕ್ಕಳಿಗೆ ಅ ಆ ಇ ಈ ತಿದ್ದಿಸುತ್ತಾರೆ. 2000ದಲ್ಲಿಯೇ ಹ್ಯೂಸ್ಟನ್ನಿನಲ್ಲಿ ಅಕ್ಕ ಸಂಸ್ಥೆಯವರು ತಮ್ಮ ಮೊದಲ ವಿಶ್ವ ಕನ್ನಡ ಸಮ್ಮೇಳನ ಕೂಡಿಸಿದರು. ಇತ್ತ ನಾವೇನು ಮಾಡಿದೆವು? ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಲೆಂದು ರಾಜ್ಯ ಸರಕಾರ 1994ರಲ್ಲಿ ಆಜ್ಞೆ ಹೊರಡಿಸಿತು. ಅದು ನ್ಯಾಯಾಲಯಗಳನ್ನು ಸುತ್ತಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಿದ್ದುಹೋಯಿತು. ಮಾಧ್ಯಮದ ಆಯ್ಕೆ ಪಾಲಕರದು, ಸರಕಾರ ಹೇರಲಾಗದು ಎಂದಿತು ಪೀಠ. ಸರಿ, ಆಯ್ಕೆ ನಮ್ಮದೇ ಆಯಿತಲ್ಲ, ನಾವು ಆಯ್ದುಕೊಂಡುದು ಏನು? ತಾಲೂಕಿನ ಹಳ್ಳಿಹಳ್ಳಿಗೂ ಹಳದಿ ಬಣ್ಣದ ಶಾಲಾ ಬಸ್ಸು ಬರುತ್ತದೆ. ಹೀಗಿರುವಾಗ ಕ್ಯಾಲಿಫೋರ್ನಿಯದ ಹುಡುಗ ಮನೆಗೆ ಬಂದನೆಂದರೆ ನಮ್ಮವರಿಗೆ ಹಬ್ಬ: “ಹೋಗು, ಅವನ ಜೋಡಿ ಇಂಗ್ಲಿಷ್ ಮಾತಾಡು, ನಾಲಿಗೆ ತಿರುಗತೈತಿ” ಎಂದು ಮಕ್ಕಳನ್ನು ಅವನ ಮೇಲೆ ಬಿಡುತ್ತಾರೆ. ಅವನು ಅಜ್ಜಿಯ ಮಾತು ಕೇಳಲು ಎಂಟು ಸಾವಿರ ಮೈಲಿಗೂ ಮಿಕ್ಕಿದ ದಾರಿ ಬಂದ. ನಾವು ಅವನನ್ನು ಪುಕ್ಕಟೆಯ ಇಂಗ್ಲಿಷ್ ಮಾಸ್ತರನನ್ನಾಗಿ ಮಾಡಿಕೊಂಡೆವು.

ಶಾಲೆಯ ಮಾತು ಬಂದುದರಿಂದ ಇನ್ನೊಂದು. ಅಲ್ಲಿಯ ಬೇಸಗೆ ರಜೆ ಜೂನಿನಿಂದ ಆಗಸ್ಟಿನವರೆಗೆ. ನಮ್ಮದು ಏಪ್ರಿಲ್, ಮೇ. ಅವರು ಬರುವಾಗ ಇಲ್ಲಿಯ ಮಕ್ಕಳು ಮುಂಜಾನೆ ಹೋದರೆ ಸಂಜೆಗೆ ಬರುವರು, ಬಂದು ಮತ್ತೆ ಟ್ಯೂಶನ್ನಿಗೆ. ದೂರದ ಬೀಗರ ಮದುವೆಗೆ ಮೂರು ದಿನ ಶಾಲೆ ತಪ್ಪಿಸುವ ನಾವು, ಒಡಹುಟ್ಟಿದವಳ ಮಗನ ಸಲುವಾಗಿ ಒಂದು ದಿನ ತಪ್ಪಿಸುವುದಿಲ್ಲ. ಭಾಷೆಯನ್ನು ಮಕ್ಕಳು ಮಕ್ಕಳಿಂದ ಕಲಿಯುತ್ತವೆ. ಚಹದ ಬಟ್ಟಲು ಹಿಡಿದು ಸಂಬಳವೆಷ್ಟೆಂದು ವಿಚಾರಿಸುವ ಕಾಕಾನಿಂದಲ್ಲ. ಬಂದವರನ್ನು ದಿನಕ್ಕೆ ಆರು ಮನೆಗಳಂತೆ ಸುತ್ತಿಸಿ, ಪ್ರತಿ ಮನೆಯಲ್ಲಿ ಉಪ್ಪಿಟ್ಟು ತಿನ್ನಿಸಿ, ಒಂದು ಮನೆ ತಪ್ಪಿದರೆ ವರ್ಷಗಟ್ಟಲೆ ಮುನಿಸಿಕೊಳ್ಳುವ ನಮ್ಮ ಉಪಚಾರದ ಬಗ್ಗೆ ಹೆಚ್ಚು ಬರೆಯಲಾರೆ. ಅದರಿಂದ ಹೊಟ್ಟೆ ಕೆಟ್ಟವರಿಗೆ ಅದು ಗೊತ್ತಿದೆ.

ಇನ್ನು ಕೆಲವು ಮನೆಗಳಲ್ಲಿ ಮಗಳ ಬರವಿಗೆ ಕಾಯುವುದೇ ಬೇರೆ ಕಾರಣಕ್ಕೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನ ಸರಿಸಮ ಹಕ್ಕೆಂದು 2005ರ ತಿದ್ದುಪಡಿ ಹೇಳಿತು. ಆ ಹಕ್ಕು ಹುಟ್ಟಿನಿಂದಲೇ ಬಂದುದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಂದಿನಿಂದ ಅಣ್ಣತಮ್ಮಂದಿರ ಅಕ್ಕರೆ ಉಕ್ಕುತ್ತಿದೆ. ಉಡಿ ತುಂಬಿದ ಮರುದಿನವೇ ಹಕ್ಕು ಬಿಡುಗಡೆ ಪತ್ರ ಸಿದ್ಧ. ಮೂರು ವಾರಗಳಲ್ಲಿ ಮೂರು ದಿನ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ. ತಾಯಿ ಹೆಬ್ಬೆರಳು ಒತ್ತುವುದನ್ನು ಪಕ್ಕದಲ್ಲಿ ಕುಳಿತ ಮಗ ನೋಡುತ್ತಾನೆ. ತವರೆಂದರೆ ಇದು ಎಂದು ಅವನು ತಿಳಿದುಕೊಂಡರೆ ತಪ್ಪೆನ್ನುವಿರಾ?

“ಮುಂದಿನ ಸಲ ಬಂದಾಗ ಕಲಿತಾನು, ಅವಸರವೇನು?” ಎನ್ನುವವರಿಗಾಗಿ ನನ್ನ ಅಕ್ಕನ ಕಥೆಯ ಉಳಿದ ಭಾಗ. 2020ರ ಜೂನಿಗೆ ಬರುವುದಾಗಿ ಅವರು ಟಿಕೀಟು ಮಾಡಿಸಿದ್ದರು. ಆ ವರ್ಷದ ಮಾರ್ಚ್ 23ರಿಂದ ನಮ್ಮ ದೇಶಕ್ಕೆ ಬರುವ ಹೋಗುವ ನಿಯತ ವಿಮಾನಗಳು ನಿಂತವು. ಅಕ್ಕ ದಿನವೂ ರಾತ್ರಿ ಎಂಟೂವರೆಗೆ, ಅಲ್ಲಿ ಮುಂಜಾನೆ ಎಂಟಾಗಿರುವ ಹೊತ್ತಿಗೆ, ಮೊಬೈಲಿನ ಮುಂದೆ ಕುಳಿತಿರುತ್ತಿದ್ದಳು. “ಊಟ ಆತೇನಪ್ಪಾ?” ಎನ್ನುವಳು. ಹುಡುಗ ಕೈಯಾಡಿಸಿ ಪರದೆಯಿಂದ ಸರಿದುಹೋಗುವನು. ಅವನಿಗೆ ಅರ್ಥವಾಗುತ್ತಿತ್ತೆಂದು ನನಗೆ ಈಗ ಗೊತ್ತು. ಉತ್ತರ ಹೇಳಿದರೆ ಆ ಕಡೆ ಯಾರು ಯಾರು ಕುಳಿತಿರುವರೋ ಎಂಬ ಅಂಜಿಕೆ ಅವನಿಗೆ. 2021ರ ಜನವರಿಯಲ್ಲಿ ಅಕ್ಕ ತೀರಿಕೊಂಡಳು. ವಿಮಾನಗಳು ನಿಯತವಾಗಿ ಹಾರತೊಡಗಿದ್ದು 2022ರ ಮಾರ್ಚ್ 27ರಂದು. ಆ ಬೇಸಗೆಯಲ್ಲಿ ಅವರು ಬಂದರು. ಹನ್ನೆರಡು ವರ್ಷದ ಹುಡುಗ ಅಡಿಗೆಮನೆಯ ಬಾಗಿಲಲ್ಲಿ ನಿಂತು ತಣ್ಣಗಿನ ಒಲೆಯನ್ನು ನೋಡುತ್ತಿದ್ದ. ನಾನು ಹತ್ತಿರ ಹೋಗಿ ಮಾತಾಡಬೇಕೆಂದುಕೊಂಡೆ. ಯಾವ ಮುಖವಿಟ್ಟುಕೊಂಡು ಹೋಗಲಿ?

ಅವನಿಗೊಬ್ಬ ತಂಗಿಯಿದ್ದಾಳೆ, ಈಗ ಏಳರ ವಯಸ್ಸು. ಅವಳು ಫೋನಿನಲ್ಲಿ ನನ್ನೊಡನೆ ಕನ್ನಡದಲ್ಲಿಯೇ ಮಾತಾಡುತ್ತಾಳೆ. ಳಕಾರವೆಲ್ಲ ಲಕಾರ, ಲಿಂಗ ವಚನಗಳ ಗೊಡವೆಯೇ ಇಲ್ಲ; “ಅಜ್ಜಾ, ಮಲೆ ಬಂದಾನಾ?” ಎನ್ನುತ್ತಾಳೆ. ಬಂದಾನವ್ವಾ, ಜೋರಾಗಿ ಬಂದಾನ, ಎನ್ನುತ್ತೇನೆ ನಾನು. ತಿದ್ದುವುದಿಲ್ಲ. ಮಾಸ್ತರಿಕೆಯನ್ನು ಇಷ್ಟಾದರೂ ಕಲಿತಿದ್ದೇನೆ.

ಬರುವ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅವರು ನನ್ನ ಮನೆಗೆ ಬರಲಿದ್ದಾರೆ. ಚರಗಕ್ಕೆ ಹೊಲಕ್ಕೆ ಹೋಗುವ ಚಕ್ಕಡಿಯನ್ನು ಈಗಲೇ ಗೊತ್ತುಮಾಡಿದ್ದೇನೆ. ಓಣಿಯ ನಾಲ್ಕು ಮಕ್ಕಳಿಗೆ ಶಾಲೆಯಿಂದ ಒಂದು ವಾರದ ರಜೆ ಬೇಡಿ ಮುಖ್ಯಾಧ್ಯಾಪಕರಿಗೆ ನಾನೇ ಅರ್ಜಿ ಬರೆದಿದ್ದೇನೆ. ಅವರು ಗೊಣಗುತ್ತಲೇ ತೆಗೆದುಕೊಂಡರು. ಮನೆ ಸುತ್ತುವ ಕಾರ್ಯಕ್ರಮವಿಲ್ಲ, ನೋಡಬೇಕೆನ್ನುವವರು ಹೊಲಕ್ಕೇ ಬರಬಹುದು, ಊಟವಿದೆ. ಮಗುವಿನ ಮಾತಿಗೆ ನಗದೆ ಇರಲಾರದವರೂ, ತಮ್ಮ ಮಕ್ಕಳಿಗೆ ಇಂಗ್ಲಿಷ್ ರೂಢಿ ಮಾಡಿಸಬಯಸುವವರೂ ಆ ಎರಡು ವಾರಗಳ ಮಟ್ಟಿಗೆ ಬಾರದಿರಬೇಕಾಗಿ ವಿನಂತಿ.