ಜನರೇಟರಿಗೆ ಎರಡನೆಯ ಟಾಂಕಿ

ಕಳೆದ ವರ್ಷದ ಶಾಲಾ ವಾರ್ಷಿಕೋತ್ಸವದ ರಾತ್ರಿಯನ್ನು ಹೆತ್ತವರು ಯಾರೂ ಮರೆತಿರಲಾರರು. ನಮ್ಮ ಒಂಬತ್ತನೆಯ ತರಗತಿಯ ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕ ಗಳಿಗೆಯಲ್ಲೇ ರಂಗಸ್ಥಳದ ದೀಪಗಳೆಲ್ಲ ನಂದಿಹೋದವು. ಭಾಗವತರು ಮೈಕಿಲ್ಲದೆಯೇ ಎರಡು ಸಾಲು ಹಾಡಿ ನೋಡಿ ಸುಮ್ಮನಾದರು. ಮೈದಾನದ ಮೂಲೆಯಲ್ಲಿ ರಾತ್ರಿ ಎಂಟರಿಂದ ಗುಡುಗುಡಿಸುತ್ತಿದ್ದ ಬಾಡಿಗೆಯ ಜನರೇಟರು ಡೀಸೆಲ್ ಮುಗಿದು ನಿಂತಿತ್ತು. ಆಗ ಬೆಳಗಿನ ಜಾವ ಗಂಟೆ ಮೂರು.

ಇದರಲ್ಲಿ ಸೋಜಿಗವೇನೂ ಇಲ್ಲ. ಇಂತಹ ಯಂತ್ರ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಲೀಟರಿನ ಮೂರನೆಯ ಒಂದು ಪಾಲು ಡೀಸೆಲ್ ಸುಡುತ್ತದೆ. ದೀಪ, ಮೈಕು, ಫ್ಯಾನುಗಳೆಲ್ಲ ಸೇರಿ ೮ ಕಿಲೋವಾಟ್ ಎಂದಿಟ್ಟುಕೊಂಡರೆ ಗಂಟೆಗೆ ಎರಡೂಮುಕ್ಕಾಲು ಲೀಟರಿನ ಹತ್ತಿರ ಬೇಕು. ೨೦ ಲೀಟರಿನ ಟಾಂಕಿ ಏಳು ಗಂಟೆಗೆ ಬರಿದಾಗಲೇಬೇಕು. ಎಂಟನೆಯ ತರಗತಿಯ ವಿದ್ಯಾರ್ಥಿ ಮಾಡಬಹುದಾದ ಲೆಕ್ಕ. ನಾವು ಅಧ್ಯಾಪಕರು ಮಾಡಿರಲಿಲ್ಲ. ಕ್ಯಾನಿನಿಂದ ಡೀಸೆಲ್ ಸುರಿದ ಮೇಲೂ ಎಂಜಿನು ಹೊರಡಲಿಲ್ಲ. ಟಾಂಕಿ ಪೂರ್ತಿ ಬತ್ತಿದಾಗ ಪೈಪಿನೊಳಗೆ ಗಾಳಿ ಸೇರಿತ್ತು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಗಾಳಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅರ್ಧ ಸಭೆ ಮನೆ ಸೇರಿತ್ತು.

ಈಗ ಕಂಪ್ಯೂಟರ್ ಕೋಣೆಗೂ ನೀರಿನ ಪಂಪಿಗೂ ಬೇಕೆಂದು ಶಾಲೆಗೆ ಸ್ವಂತ ಜನರೇಟರು ತರುವ ಮಾತು ನಡೆದಿದೆ. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಹಿರಿಯ ರಕ್ಷಕರೊಬ್ಬರು, "ಒಂದು ಡ್ರಮ್ಮು ಡೀಸೆಲ್ ಬೆಂಚಿನ ಮೇಲಿಟ್ಟು ಪೈಪು ಸಿಕ್ಕಿಸಿದರೆ ಎರಡು ದಿನ ನೋಡಬೇಕೆಂದಿಲ್ಲ ಮಾಷ್ಟ್ರೇ" ಎಂದರು. ಹಲವರು ತಲೆದೂಗಿದರು. ಅವರ ಸದುದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಆ ಸಲಹೆಯನ್ನು ನಾನು ಒಪ್ಪಲಾರೆ.

ಕನ್ನಡ ಪಂಡಿತನಿಗೆ ಡೀಸೆಲಿನ ಗೊಡವೆ ಏಕೆಂದು ಕೆಲವರು ನಗಬಹುದು. ಕಾರಣವಿದೆ. ಆಟದ ರಾತ್ರಿ ಚೌಕಿಯ ಹಿಂದೆ ಚಾಪೆ ಹಾಸಿ ಸಣ್ಣ ತರಗತಿಯ ಮಕ್ಕಳು ಮಲಗಿರುತ್ತಾರೆ. ಜನರೇಟರು ಇರುವ ಮೂಲೆಗಿಂತ ಆ ಜಾಗ ಎರಡು ಅಡಿ ತಗ್ಗು. ಡೀಸೆಲ್ ಚೆಲ್ಲಿದರೆ ಹರಿದು ಬರುವುದು ಅಲ್ಲಿಗೇ. ನಡುರಾತ್ರಿ ಅವರಿಗೆ ಹೊದಿಕೆ ಸರಿಪಡಿಸುವ ಕೆಲಸ ನನ್ನದು.

ಐದಾರು ವರ್ಷಗಳ ಹಿಂದೆ ನಮ್ಮ ನೆಂಟರ ಮನೆಯೊಂದರ ಮದುವೆಯಲ್ಲಿ ಇದೇ ಉಪಾಯ ಮಾಡಿದ್ದರು. ಟಾಂಕಿಯಿಂದ ಬರುವ ಪೈಪನ್ನು ಕಳಚಿ ಸ್ಟೂಲಿನ ಮೇಲಿನ ಕ್ಯಾನಿಗೆ ಜೋಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಮೊದಲೇ ತುಂಬಿದ್ದ ಯಂತ್ರದ ಸ್ವಂತ ಟಾಂಕಿ ಉಕ್ಕಿತು! ಚಪ್ಪರದ ಒಣ ಸೋಗೆಯ ಬುಡದವರೆಗೆ ಡೀಸೆಲ್ ಹರಿಯಿತು. ಯಾರೋ ಹೆಂಗಸರು ವಾಸನೆ ಹಿಡಿದು ಕೂಗಿದ್ದರಿಂದ ಅನಾಹುತ ತಪ್ಪಿತು. ಕ್ಯಾನಿನಿಂದ ಎಳೆದರೆ ಟಾಂಕಿ ಏಕೆ ಉಕ್ಕಬೇಕು?

ಇದನ್ನು ನನಗೆ ಬಿಡಿಸಿ ಹೇಳಿದವರು ಕುಂಬಳೆಯ ಕಡೆಯ ಒಬ್ಬ ಮೆಕ್ಯಾನಿಕ್. ಡೀಸೆಲ್ ಎಂಜಿನಿಗೆ ಎರಡು ಪೈಪುಗಳಿರುತ್ತವೆ. ಒಂದರಿಂದ ಡೀಸೆಲ್ ಹೋಗುತ್ತದೆ. ಪಂಪು ಕಳುಹಿಸಿದ್ದೆಲ್ಲವೂ ಸುಡುವುದಿಲ್ಲ. ಮಿಕ್ಕದ್ದು ಬಿಸಿಯಾಗಿ ಇನ್ನೊಂದು ಪೈಪಿನಿಂದ ಟಾಂಕಿಗೆ ಮರಳುತ್ತದೆ. ಕೆಲವು ಎಂಜಿನುಗಳಲ್ಲಿ ಇದು ಸ್ವಲ್ಪವೇ. ಇನ್ನು ಕೆಲವದರಲ್ಲಿ ಸುಟ್ಟದ್ದಕ್ಕಿಂತ ಮರಳುವುದೇ ಹೆಚ್ಚು. ಮದುವೆ ಮನೆಯಲ್ಲಿ ಹೋಗುವ ಪೈಪನ್ನು ಮಾತ್ರ ಬದಲಿಸಿದ್ದರು. ಮರಳುವ ಪೈಪು ಹಳೆಯ ಟಾಂಕಿಯಲ್ಲೇ ಇತ್ತು. ಅಭಿಮನ್ಯುವಿಗೆ ಒಳಹೋಗುವ ದಾರಿಯನ್ನಷ್ಟೇ ಹೇಳಿಕೊಟ್ಟ ಹಾಗೆ. ಎಲ್ಲಿಂದ ಎಳೆಯುತ್ತೇವೆಯೋ ಅಲ್ಲಿಗೇ ಮರಳಿಸಬೇಕು. ಕವಾಟವಿಟ್ಟು ಟಾಂಕಿ ಬದಲಿಸುವುದಾದರೆ ಎರಡು ಪೈಪುಗಳನ್ನೂ ಒಟ್ಟಿಗೇ ಬದಲಿಸಬೇಕು.

ಬೆಂಚಿನ ವಿಷಯಕ್ಕೆ ಬರುತ್ತೇನೆ. ೨೦೦ ಲೀಟರಿನ ಡ್ರಮ್ಮು ತುಂಬಿದರೆ ಒಂದೂಮುಕ್ಕಾಲು ಕ್ವಿಂಟಾಲಿಗೂ ಮಿಕ್ಕಿ ತೂಗುತ್ತದೆ. ನಮ್ಮ ಬೆಂಚುಗಳ ಯೋಗ್ಯತೆಯನ್ನು ಅವುಗಳಲ್ಲಿ ಕುಳಿತವರೇ ಬಲ್ಲರು. ಇರಲಿ, ಬೆಂಚು ಗಟ್ಟಿಯೇ ಎನ್ನೋಣ. ಎಂಜಿನಿಗಿಂತ ಎತ್ತರದಲ್ಲಿ ಡ್ರಮ್ಮು, ಕೆಳಗೆ ಎಡೆಬಿಡದೆ ನಡುಗುವ ಯಂತ್ರ. ಪೈಪು ಕಳಚಿಕೊಂಡರೆ ಡ್ರಮ್ಮಿನಲ್ಲಿದ್ದುದೆಲ್ಲ ತಾನಾಗಿಯೇ ಇಳಿದುಬರುತ್ತದೆ. ಡೀಸೆಲ್ ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳುವುದಿಲ್ಲವೆಂದು ಧೈರ್ಯ ಹೇಳುವವರಿದ್ದಾರೆ. ನಿಜವೇ. ಆದರೆ ಇನ್ನೂರು ಡಿಗ್ರಿ ಸೆಲ್ಸಿಯಸಿಗಿಂತ ಸ್ವಲ್ಪ ಮೇಲೇರಿದರೆ ಅದಕ್ಕೆ ಕಿಡಿಯೂ ಬೇಡ, ಮತ್ತು ಭಾರ ಹೊತ್ತ ಎಂಜಿನಿನ ಹೊಗೆಕೊಳವೆ ಅದಕ್ಕಿಂತ ಬಿಸಿಯಾಗಬಲ್ಲದು.

ಹಾಗಾದರೆ ಎರಡನೆಯ ಟಾಂಕಿ ಬೇಡವೇ? ಬೇಕು. ನನ್ನ ಅಭಿಪ್ರಾಯವಿಷ್ಟೆ: ಯಂತ್ರದ ಸ್ವಂತ ಪೈಪುಗಳಿಗೆ ನಾವು ಕೈಹಾಕಬಾರದು. ದೊಡ್ಡ ಟಾಂಕಿ ಚಿಕ್ಕ ಟಾಂಕಿಯನ್ನು ತುಂಬಿಸುತ್ತಿರಲಿ, ಸಾಕು. ಅದು ನೆಲಮಟ್ಟದಲ್ಲಿ, ಸುತ್ತ ಕಟ್ಟೆ ಕಟ್ಟಿದ ಜಾಗದಲ್ಲಿರಲಿ. ಸೋರಿದರೂ ಕಟ್ಟೆಯೊಳಗೇ ನಿಲ್ಲಬೇಕು. ನಡುವೆ ಒಂದು ಪಂಪು. ಚಿಕ್ಕ ಟಾಂಕಿ ತುಂಬಿದೊಡನೆ ಪಂಪನ್ನು ನಿಲ್ಲಿಸಲು ತೇಲುಬುರುಡೆಯ ಸ್ವಿಚ್ಚು. ಅದು ಕೈಕೊಟ್ಟರೆ ಹೆಚ್ಚಾದ ಡೀಸೆಲ್ ದೊಡ್ಡ ಟಾಂಕಿಗೇ ಇಳಿಯುವಂತೆ ಒಂದು ದಪ್ಪ ಪೈಪು. ಎರಡೂ ಟಾಂಕಿಗಳಿಗೆ ಗಾಳಿಯ ಕೊಳವೆ ಇರಲೇಬೇಕು. ಮುಚ್ಚಳ ಬಿಗಿದು ಗಾಳಿ ಹೋಗದಂತೆ ಮಾಡಿದರೆ ತುಂಬಿದ ಟಾಂಕಿಯಿಂದಲೂ ಡೀಸೆಲ್ ಬಾರದು. ತಳದಲ್ಲಿ ನೀರೂ ಕೊಳೆಯೂ ನಿಲ್ಲುವುದರಿಂದ ಎಳೆಯುವ ಪೈಪಿನ ಬಾಯಿ ತಳಕ್ಕಿಂತ ಒಂದೆರಡು ಅಂಗುಲ ಮೇಲಿರಲಿ.

ಇನ್ನೊಂದು ಮಾತು, ತೋಟವಿರುವ ರಕ್ಷಕರಿಗೆ. ಮನೆಯಲ್ಲಿ ಉಳಿದಿರುವ ಜಿ.ಐ. ಪೈಪನ್ನು ದಯವಿಟ್ಟು ಶಾಲೆಗೆ ದಾನ ಮಾಡಬೇಡಿ. ಅದರ ಸತುವಿನ ಲೇಪ ಡೀಸೆಲಿನೊಡನೆ ಸೇರಿ ಜಿಡ್ಡು ಕಟ್ಟಿ ಫಿಲ್ಟರನ್ನು ಕೆಡಿಸುತ್ತದೆ. ಲೇಪವಿಲ್ಲದ ಉಕ್ಕಿನ ಪೈಪೇ ಆಗಬೇಕು. ಯಂತ್ರಕ್ಕೆ ಸೇರುವಲ್ಲಿ ಮಾತ್ರ ಡೀಸೆಲಿಗೆಂದೇ ಮಾಡಿದ ರಬ್ಬರು.

ಇಷ್ಟೆಲ್ಲ ಮಾಡಿದರೂ ಒಂದು ಕೈಪಂಪು ಬೇಕೆಂಬುದು ನನ್ನ ಹಟ. ೨೦೧೨ರ ಅಕ್ಟೋಬರದಲ್ಲಿ ಸ್ಯಾಂಡಿ ಎಂಬ ಬಿರುಗಾಳಿ ನ್ಯೂಯಾರ್ಕಿಗೆ ಅಪ್ಪಳಿಸಿದಾಗ ಅಲ್ಲಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರುಗಳು ೧೩ನೆಯ ಮಹಡಿಯಲ್ಲಿ ಕ್ಷೇಮವಾಗಿದ್ದವು. ಅವಕ್ಕೆ ಡೀಸೆಲ್ ಏರಿಸುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲಿದ್ದವು. ನೆರೆನೀರು ಅವನ್ನು ಮುಳುಗಿಸಿತು. ಆಸ್ಪತ್ರೆಯವರೂ ಸೈನಿಕರೂ ಮೆಟ್ಟಿಲುಗಳಲ್ಲಿ ಸಾಲಾಗಿ ನಿಂತು, ಕೈಯಿಂದ ಕೈಗೆ ಡೀಸೆಲ್ ಸಾಗಿಸಿ ಯಂತ್ರಗಳನ್ನು ಉಳಿಸಿಕೊಂಡರು. ಕೊನೆಗೆ ರೋಗಿಗಳನ್ನು ಬೇರೆಡೆಗೆ ಕೊಂಡೊಯ್ಯಬೇಕಾಯಿತು. ಅಷ್ಟು ದೊಡ್ಡ ಊರಿನ ಆಸ್ಪತ್ರೆಯ ಪಾಡೇ ಹೀಗಾದರೆ, ಮಳೆಗಾಲದಲ್ಲಿ ಅಂಗಳವೆಲ್ಲ ತೋಡಾಗುವ ನಮ್ಮ ಶಾಲೆಯಲ್ಲಿ ಪಂಪನ್ನು ಎಲ್ಲಿಡಬೇಕೆಂದು ಯೋಚಿಸುವುದು ಅತಿಯಾಗಲಿಕ್ಕಿಲ್ಲ.

ಖರ್ಚು ಹೆಚ್ಚಾಗುತ್ತದೆ, ಬಲ್ಲೆ. ಈ ವರ್ಷ ಹಣ ಸಾಲದಿದ್ದರೆ ಎರಡನೆಯ ಟಾಂಕಿಯೇ ಬೇಡ. ನಡುರಾತ್ರಿ ಒಂದು ಗಂಟೆಗೆ ಪ್ರಸಂಗಕ್ಕೆ ಅರ್ಧ ಗಂಟೆ ವಿರಾಮ ಕೊಡೋಣ. ಯಂತ್ರ ನಿಲ್ಲಿಸಿ, ಆರಲು ಬಿಟ್ಟು, ಆಮೇಲೆ ಡೀಸೆಲ್ ತುಂಬೋಣ. ಜನ ಚಹಾ ಕುಡಿಯಲಿ. ಭಾಗವತರು ಬೇಸರಿಸಲಾರರು, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಬಾಡಿಗೆ ಜನರೇಟರಿನ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಮೆಕ್ಯಾನಿಕ್ ವಿವರಿಸಿದ್ದು ಮಲೆಯಾಳದಲ್ಲಿ. ನಾನು ಬರೆದುಕೊಂಡದ್ದು ಕನ್ನಡದಲ್ಲಿ. ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಅದನ್ನು ಚಿತ್ರಸಹಿತ ದೊಡ್ಡ ಹಾಳೆಯಲ್ಲಿ ಬರೆದಿದ್ದಾರೆ. ಹೋಗುವ ಪೈಪು ಕೆಂಪು, ಮರಳುವ ಪೈಪು ನೀಲಿ. ಮುಂದಿನ ಸಭೆಗೆ ಆ ಹಾಳೆಯನ್ನು ತರುತ್ತೇನೆ. ಬೆಂಚಿನ ಮಾತು ಎತ್ತಿದ ಹಿರಿಯರು ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಬೇಕಾಗಿ ವಿನಂತಿ.