ಮೂತ್ರದ ಚೀಲವಿದ್ದಾಗ ನಮಾಝ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಕಿಡ್ನಿ ಆಪರೇಷನ್‌ಗೆಂದು ದಾವಣಗೆರೆಗೆ ಹೋಗುವವರು ಹಣ, ಜೊತೆಗೆ ಇರುವವರು ಎಲ್ಲವನ್ನೂ ಹೊಂದಿಸಿಕೊಳ್ಳುತ್ತಾರೆ. ನಮಾಝಿನ ಮಸ್‌ಅಲ ಮಾತ್ರ ಮೊದಲೇ ಕೇಳಿಕೊಳ್ಳುವುದಿಲ್ಲ. ಆಮೇಲೆ ಮೂತ್ರದ ಚೀಲ ಕಂಡು, ನಾಪಾಕ್ ಎಂದು ನಮಾಝನ್ನೇ ಬಿಡುವವರಿದ್ದಾರೆ. ಹಸಿ ಹೊಲಿಗೆಯಲ್ಲೇ ಸುಜೂದ್‌ಗೆ ಬಾಗುವವರೂ ಇದ್ದಾರೆ. ಎರಡೂ ಸರಿಯಲ್ಲ.

ಮೂತ್ರ ತಡೆಯಲಾಗದವರು ಫಿಕ್ಹ್‌ನಲ್ಲಿ ‘ಮಅ್‌ಝೂರ್’. ಪ್ರತಿ ಫರ್ಝ್ ನಮಾಝಿನ ವೇಳೆಯಾದ ಮೇಲೆ ಅವರು ಹೊಸದಾಗಿ ವುಝೂ ಮಾಡಿ ನಮಾಝ್ ನಿರ್ವಹಿಸಬೇಕು. ಚೀಲಕ್ಕೆ ಇಳಿಯುವ ಮೂತ್ರದಿಂದ ಅದು ಕೆಡುವುದಿಲ್ಲ. ನೀರು ಹಾನಿಕರವಾದರೆ ತಯಮ್ಮುಮ್ ಇದೆ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ಪ್ರವಾದಿ(ಸ)ಯವರು ತಿಳಿಸಿದ್ದು ಬುಖಾರಿಯಲ್ಲಿದೆ.

ಆಪರೇಷನ್‌ಗೆ ಮೊದಲು ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಡಾಕ್ಟರರಿಂದ ಮುಚ್ಚಿಡಬೇಡಿ. ಮನೆಗೆ ಬಂದ ಮೇಲೆ ಅವರು ಹೇಳುವವರೆಗೆ ನೀರಿನ ಕೊಡ ಎತ್ತಬೇಡಿ. ಅವರನ್ನು ಕೇಳದೆ ರಮಝಾನ್ ಉಪವಾಸದ ಹಟವೂ ಬೇಡ. ರೋಗಿಯು ಬೇರೆ ದಿನಗಳಲ್ಲಿ ಅದನ್ನು ಪೂರ್ತಿಗೊಳಿಸುವ ಅನುಮತಿ ಸೂರಃ ಅಲ್‌ಬಕರದಲ್ಲೇ (2:184-185) ಇದೆ.

ರಿಯಾಯಿತಿಯೂ ಅಲ್ಲಾಹನು ಕೊಟ್ಟದ್ದೇ. ಅದನ್ನು ಸ್ವೀಕರಿಸುವುದು ಈಮಾನಿನ ಕೊರತೆಯಲ್ಲ.